ಛಾಯಾಚಿತ್ರಶಾಲೆಗೆ ಹೋದ ಕಾಂಚಳಿ

ಹೊಸಪೇಟೆಯಲ್ಲಿ ಛಾಯಾಚಿತ್ರ ತೆಗೆಯುವವರು ಬಹು ಮಂದಿ ಇದ್ದಾರೆ. ಮದುವೆಯ ಮನೆಯವರೂ ಹಂಪೆಯ ಯಾತ್ರಿಕರೂ ಅವರನ್ನು ಪೋಷಿಸುತ್ತಿರುವುದು ವಾಚಕರಿಗೆ ತಿಳಿದ ವಿಷಯವೇ. ಆದರೆ ಮನುಷ್ಯರನ್ನು ಬಿಟ್ಟು, ಚೊಂಬು, ಚೀಲ, ರವಿಕೆ ಮೊದಲಾದ ಪದಾರ್ಥಗಳನ್ನೇ ಮೇಜಿನ ಮೇಲೆ ಕೂರಿಸಿ, ಮದುಮಕ್ಕಳಿಗೆ ಮಾಡುವಷ್ಟು ಉಪಚಾರ ಮಾಡಿ ಚಿತ್ರ ತೆಗೆಯುವ ಸ್ಟುಡಿಯೋ ಒಂದು ಅಲ್ಲಿ ಉಂಟೆಂಬುದು ಎರಡು ವರ್ಷಗಳ ಹಿಂದಿನವರೆಗೆ ನಮಗೆ ಗೊತ್ತಿರಲಿಲ್ಲ. ಗೊತ್ತಾದ ಸಂದರ್ಭವು ಸಂತೋಷದ್ದಲ್ಲ. ಒಂದು ಕಾಂಚಳಿ ಕಾಣೆಯಾದ ಸಂದರ್ಭವದು.

ಕಾಂಚಳಿಯೆಂದರೆ ಲಂಬಾಣಿ ಸ್ತ್ರೀಯರು ತೊಡುವ ಕುಪ್ಪಸ. ಕನ್ನಡಿ, ಕವಡೆ, ಮಣಿ, ನಾಣ್ಯಗಳನ್ನು ಕೂಡಿಸಿ ಅದರ ಮೇಲೆ ಕಸೂತಿ ಹಾಕುವರು. ಕಿಲನ್, ವೇಲೆ, ಮಾಕಿ, ನಾಕ್ರಾ ಎಂದು ಮುಂತಾಗಿ ಒಂದೊಂದು ಹೊಲಿಗೆಗೂ ಒಂದೊಂದು ಹೆಸರುಂಟು. ಸಂಡೂರಿನ ಈ ಕಸೂತಿಗೆ ಸರಕಾರದಿಂದ ಭೌಗೋಳಿಕ ಸೂಚಕವೆಂಬ ಮಾನ್ಯತೆಯೂ ದೊರೆತಿದೆ. ೨೦೨೩ರ ಜುಲೈ ತಿಂಗಳಿನಲ್ಲಿ ಹಂಪೆಯಲ್ಲಿ ಜಿ-೨೦ ರಾಷ್ಟ್ರಗಳ ಸಂಸ್ಕೃತಿ ಸಭೆ ಕೂಡಿದಾಗ, ಸಂಡೂರು ಕುಶಲ ಕಲಾ ಕೇಂದ್ರದ ೪೫೦ಕ್ಕೂ ಹೆಚ್ಚು ಮಂದಿ ಲಂಬಾಣಿ ಸ್ತ್ರೀಯರು ೧೭೫೫ ಕಸೂತಿ ತುಂಡುಗಳನ್ನು ಸಿದ್ಧಪಡಿಸಿದ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಅಷ್ಟು ತುಂಡುಗಳ ಲೆಕ್ಕವಿಟ್ಟ ಪುಣ್ಯಾತ್ಮರು ಯಾರೋ, ಅವರಿಗೆ ನಮ್ಮ ನಮಸ್ಕಾರ. ನಮಗೆ ನಲವತ್ತರ ಲೆಕ್ಕವಿಡಲು ಆಗಲಿಲ್ಲ.

ನಾವು ಶಾಲೆಯ ಕೆಲಸದಿಂದ ನಿವೃತ್ತರಾಗಿ ಕಂಪ್ಲಿಯಲ್ಲಿ ನೆಲಸಿರುವವರು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂಡೂರು ತಾಲ್ಲೂಕಿನ ಒಂದು ತಾಂಡಾದಲ್ಲಿ ಹತ್ತು ಹದಿನೈದು ಮಂದಿ ಹೆಂಗಸರನ್ನು ಕೂಡಿಸಿಕೊಂಡು ಚಿಕ್ಕದೊಂದು ಸಂಘ ನಡೆಸುತ್ತಿದ್ದಾಳೆ. ಈಗಿನ ಕಾಲದಲ್ಲಿ ಕೊಳ್ಳುವವನು ಅಂಗಡಿಗೆ ಬರುವುದಿಲ್ಲ. ಅಂಗಡಿಯೇ ಅವನ ಮೊಬೈಲಿನೊಳಗೆ ಹೋಗಬೇಕು. ಬಟ್ಟೆಯನ್ನು ಮುಟ್ಟಿ ನೋಡುವ ಕೈಗೆ ಬದಲಾಗಿ ಚಿತ್ರವನ್ನು ನೋಡುವ ಕಣ್ಣು ಬೆಲೆ ಕಟ್ಟುತ್ತದೆ. ಆದಕಾರಣ ಸಂಘದವರು ತಮ್ಮ ಮಾದರಿಗಳನ್ನು ಗಂಟು ಕಟ್ಟಿ ಹೊಸಪೇಟೆಗೆ ಕಳುಹಿಸಿದರು. ಚೀಲ ೧೨, ದಿಂಬಿನ ಗವಸು ೧೮, ರವಿಕೆ ೧೦ ಎಂದು ಪುಸ್ತಕದಲ್ಲಿ ಬರೆದುಕೊಟ್ಟವರು ನಾವೇ. ಬರೆದುದರಲ್ಲಿ ತಪ್ಪಿರಲಿಲ್ಲ, ಸಾಲದಾಗಿತ್ತು.

ಹತ್ತು ರವಿಕೆಗಳಲ್ಲಿ ಒಂಬತ್ತು ಹೊಸವು, ಒಂದು ಹಳೆಯದು. ಅದು ತಾಂಡಾದ ಅಜ್ಜಿಯೊಬ್ಬರ ತಾಯಿ ತಮ್ಮ ಮದುವೆಗಾಗಿ ತಾವೇ ಹೊಲಿದುಕೊಂಡಿದ್ದ ಕಾಂಚಳಿ. ಮಾರಲಿಕ್ಕೆ ಕೊಟ್ಟದ್ದಲ್ಲ, ಹಳೆಯ ಹೊಲಿಗೆ ಹೇಗಿತ್ತೆಂದು ತೋರಿಸಲಿಕ್ಕೆ ಮಾತ್ರ ಕೊಟ್ಟದ್ದು. ಮೂರು ವಾರಗಳ ಮೇಲೆ ಗಂಟು ಹಿಂದಕ್ಕೆ ಬಂದಿತು. ಎಣಿಸಿದರೆ ಮೂವತ್ತೊಂಬತ್ತು.

ಸ್ಟುಡಿಯೋದವರು ಒಂಬತ್ತೇ ರವಿಕೆ ಬಂದದ್ದೆಂದರು. ಅವರು ಕೊಟ್ಟಿದ್ದ ರಶೀದಿಯನ್ನು ತೆಗೆದು ನೋಡಿದೆವು. ಅದರಲ್ಲಿ ‘ಬಟ್ಟೆ, ಗಂಟು ಒಂದು’ ಎಂದಿತ್ತು! ಗಂಟು ಒಂದು ಹೋಯಿತು, ಗಂಟು ಒಂದು ಬಂದಿತು. ನ್ಯಾಯವಾಗಿ ಅವರ ಲೆಕ್ಕ ಚುಕ್ತಾ. ನಾವು ಮರುದಿನವೇ ವಿದ್ಯಾರ್ಥಿನಿಯೊಡನೆ ಹೊಸಪೇಟೆಗೆ ಹೋದೆವು. ಕಳ್ಳರನ್ನು ಕಾಣುವೆವೆಂದುಕೊಂಡು ಹೋದವರು ಕಂಡದ್ದು ಕೆಲಸದ ಭಾರದಿಂದ ಬಳಲಿದ ಇಬ್ಬರು ಸಭ್ಯ ತರುಣರನ್ನು. ಅವರ ಕೋಣೆಯಲ್ಲಿ ಆರು ವ್ಯಾಪಾರಿಗಳ ಸಾಮಾನು ಒಂದೇ ಕಪಾಟಿನಲ್ಲಿ ಒಂದರ ಮೇಲೊಂದು ಬಿದ್ದಿತ್ತು.

ಆಗ ನಮಗೆ ಹೊಳೆದದ್ದೇನೆಂದರೆ, ಬಟ್ಟೆಯು ಕಳೆದುಹೋಗಿದ್ದರೂ ಅದರ ಚಿತ್ರವು ಕಳೆದುಹೋಗಿರದು. ಕ್ಯಾಮೆರಾದ ಗಡಿಯಾರವನ್ನು ಸರಿಯಾಗಿಟ್ಟಿದ್ದರೆ ಈಗಿನ ಪ್ರತಿಯೊಂದು ಚಿತ್ರದೊಳಗೂ ತೆಗೆದ ದಿನ ಮತ್ತು ವೇಳೆ ತಾವಾಗಿಯೇ ದಾಖಲಾಗುತ್ತವೆ. ವೇಳೆಯ ಕ್ರಮದಲ್ಲಿ ಎಲ್ಲವನ್ನೂ ತೋರಿಸಿರೆಂದು ಕೇಳಿದೆವು. ಮಂಗಳವಾರ ಬೆಳಿಗ್ಗೆ ೧೧ ಗಂಟೆ ೨೦ ನಿಮಿಷಕ್ಕೆ ನಮ್ಮ ಕಾಂಚಳಿ ಒಂಟಿಯಾಗಿ ಬೆಳಗುತ್ತಿದೆ. ಸಂಜೆ ನಾಲ್ಕು ಗಂಟೆಗೆ ಬೇರೊಬ್ಬ ವರ್ತಕರ ಬೆಳ್ಳಿಯ ಕಾಲುಗೆಜ್ಜೆಗಳ ಕೆಳಗೆ ಹಾಸುಬಟ್ಟೆಯಾಗಿ ಮಲಗಿದೆ! ಚೆನ್ನಾಗಿ ಕಾಣುವುದೆಂದು ಕೆಲಸದ ಹುಡುಗನು ಅದನ್ನು ಹಾಸಿದ್ದನು. ಬಳಿಕ ಗೆಜ್ಜೆಗಳ ಮಖಮಲ್ ಬಟ್ಟೆಯೊಡನೆ ಅದೂ ಮಡಿಸಿಕೊಂಡು ಹೊರಟಿತು. ಆ ವರ್ತಕರ ಊರು ಯಾವುದೆಂದಿರಿ? ಕಂಪ್ಲಿ. ನಮ್ಮ ಮನೆಯಿಂದ ನಾಲ್ಕು ಬೀದಿಯಾಚೆ, ಪೆಟ್ಟಿಗೆಯೊಂದರ ತಳದಲ್ಲಿ ಅದು ಸುಖವಾಗಿ ನಿದ್ರಿಸುತ್ತಿತ್ತು.

ಸಿಕ್ಕಿತು, ಆದರೆ ಎರಡು ಕನ್ನಡಿಗಳು ಉದುರಿದ್ದವು. ಮೊದಲೇ ಉದುರಿದ್ದವೋ ಏನೋ ಎಂದು ಸ್ಟುಡಿಯೋದವರು ಸಂದೇಹಪಟ್ಟರು. ಬೆಳಗಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಎರಡೂ ಮಿನುಗುತ್ತಿದ್ದವು. ಅವರು ತಲೆ ತಗ್ಗಿಸಿ ಮಜೂರಿಯನ್ನು ಬಿಟ್ಟುಕೊಟ್ಟರು. ಅಜ್ಜಿಯ ಕೈಗೆ ಕಾಂಚಳಿಯನ್ನು ಕೊಟ್ಟಾಗ ಅವರು ಬೆರಳಾಡಿಸಿ ನೋಡಿ, “ಕನ್ನಡಿ ಪ್ಯಾಟಿಯಾಗ ಸಿಗತೈತ್ರಿ ಮಾಸ್ತರ್ರ, ನಮ್ಮವ್ವನ ಹೊಲಿಗಿ ಎಲ್ಲಿ ಸಿಗತೈತಿ?” ಎಂದರು. ನಾವು ಮೂವತ್ತೈದು ವರ್ಷ ಪಾಠ ಹೇಳಿದವರು. ಆ ಹೊತ್ತಿಗೆ ಒಂದು ಉತ್ತರವೂ ತೋಚಲಿಲ್ಲ.

ಇದೇ ಪ್ರಾಂತದಲ್ಲಿ ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದನು. ೧೯೮೩ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಅವೇ ದೃಶ್ಯಗಳನ್ನು ಹುಡುಕಿ ಮತ್ತೆ ತೆಗೆದರು. ನೂರಿಪ್ಪತ್ತೇಳು ವರ್ಷಗಳ ಮೇಲೂ ಇದು ಸಾಧ್ಯವಾದದ್ದು ಕಲ್ಲು ಕದಲದ ಪದಾರ್ಥವಾದುದರಿಂದ. ಕಾಂಚಳಿಯಾದರೋ ಒಂದೇ ದಿನದಲ್ಲಿ ಐದು ಕೈ ಬದಲಾಯಿಸುತ್ತದೆ.

ಆ ಐದು ಕೈಗಳನ್ನೂ ಈಗ ನಾವು ಬಲ್ಲೆವು. ಗಂಟು ಬಿಚ್ಚಿ ಇಳಿಸಿಕೊಳ್ಳುವವನೊಬ್ಬ, ಇಸ್ತ್ರಿ ಮಾಡುವವನೊಬ್ಬ, ಚಿತ್ರ ತೆಗೆಯುವವನೊಬ್ಬ, ಕೊಳ್ಳುವವರ ಒಪ್ಪಿಗೆ ಬರುವ ತನಕ ಕಾದಿರಿಸುವವನೊಬ್ಬ, ಮತ್ತೆ ಕಟ್ಟಿ ಕಳುಹಿಸುವವನೊಬ್ಬ. ದೊಡ್ಡ ನಗರಗಳ ಸ್ಟುಡಿಯೋಗಳಲ್ಲಿ ಪ್ರತಿ ವಸ್ತುವಿಗೂ ಗೆರೆಗಳ ಬಾರ್‌ಕೋಡ್ ಚೀಟಿಯನ್ನು ಕಟ್ಟಿ, ಕೈ ಬದಲಾದಾಗಲೆಲ್ಲಾ ಯಂತ್ರಕ್ಕೆ ತೋರಿಸುವರು. ವಸ್ತುವು ಈಗ ಎಲ್ಲಿದೆಯೆಂದು ಗಣಕಯಂತ್ರವೇ ಹೇಳುವುದು. ನಲವತ್ತು ವಸ್ತುಗಳ ಸಂಘಕ್ಕೆ ಅಷ್ಟು ಬೇಡ. ದಪ್ಪ ಕಾಗದದ ಚೀಟಿ, ನೂಲು, ಉದ್ದನೆಯ ರಿಜಿಸ್ಟರ್ ಪುಸ್ತಕ, ಇಷ್ಟು ಸಾಕು. ಆದರೆ ಸಂಖ್ಯೆಯನ್ನು ಜಾತಿಗೆ ಕೊಡದೆ ವ್ಯಕ್ತಿಗೆ ಕೊಡತಕ್ಕದ್ದು. ‘ರವಿಕೆ ೧೦’ ಎಂಬುದು ಜಾತಿಯ ಲೆಕ್ಕ. ‘೨೩ನೆಯದು, ಕೆಂಪು ಕಾಂಚಳಿ, ಹಳೆಯದು, ಮಾರಾಟಕ್ಕಲ್ಲ, ಕನ್ನಡಿಯೆಲ್ಲಾ ಇದೆ’ ಎಂಬುದು ವ್ಯಕ್ತಿಯ ಲೆಕ್ಕ. ನ್ಯಾಯಶಾಸ್ತ್ರ ಓದಿದವರು ನಾವು, ಈ ಭೇದವನ್ನು ಗಂಟು ಕಟ್ಟುವಾಗ ಮರೆತೆವಲ್ಲ!

ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಬಾರದು, ಅಂಟಿಸಲೂಬಾರದು. ನೂಲಿನಿಂದ ಅಂಚಿಗೆ ಕಟ್ಟಬೇಕು. ಚಿತ್ರದಲ್ಲಿ ಚೀಟಿ ಕಾಣಬಾರದೆಂದು ಬಿಚ್ಚಿಬಿಡುವರು, ಅನರ್ಥವೆಲ್ಲಾ ಹುಟ್ಟುವುದು ಅಲ್ಲೇ. ಬಿಚ್ಚುವ ಮೊದಲು ಚೀಟಿಯೊಡನೆ ಒಂದು ಚಿತ್ರ ತೆಗೆದು, ಆಮೇಲೆ ಉಳಿದವನ್ನು ತೆಗೆದು, ಮೇಜಿನಿಂದ ಎತ್ತುವ ಮುನ್ನವೇ ಚೀಟಿಯನ್ನು ಮತ್ತೆ ಕಟ್ಟಬೇಕು. ಚಿತ್ರದ ಕಡತಕ್ಕೂ ಅದೇ ಸಂಖ್ಯೆಯನ್ನಿಟ್ಟರೆ ವಸ್ತುವೂ ಚಿತ್ರವೂ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಜೋಡಿ ವಸ್ತುವಾದರೆ ಎರಡರಲ್ಲಿ ಒಂದು, ಎರಡರಲ್ಲಿ ಎರಡು ಎಂದು ಬೇರೆ ಬೇರೆ ಚೀಟಿ ಬೇಕು. ಚಿತ್ರಕ್ಕೆ ಒಪ್ಪಿಗೆ ಬರುವ ತನಕ ಮಾದರಿಯನ್ನು ಹಿಂದಕ್ಕೆ ಕಳುಹಿಸುವ ಅವಸರವೂ ಒಳ್ಳೆಯದಲ್ಲ. ಕೆಂಪು ಬಣ್ಣ ಕಿತ್ತಳೆಯಾಗಿ ಕಂಡಿದೆಯೆಂದು ಕೊಳ್ಳುವವರು ಮತ್ತೊಮ್ಮೆ ತೆಗೆಯಿಸುವುದುಂಟು. ಸಂಡೂರಿನ ಕಡೆಯವರಿಗೆ ಮತ್ತೊಂದು ಮಾತು: ಗಂಟನ್ನು ಬಿಗಿಯಾದ ಚೀಲದಲ್ಲಿಟ್ಟು ಕಳುಹಿಸಬೇಕು. ಅದಿರಿನ ಲಾರಿಗಳೆಬ್ಬಿಸುವ ಕೆಂಧೂಳು ಬಿಳಿಯ ನೂಲಿಗೆ ಹತ್ತಿತೆಂದರೆ ಯಾವ ಕ್ಯಾಮೆರಾದಿಂದಲೂ ಬಿಡದು.

ಈ ಚೀಟಿಯ ಉಪಾಯ ಹೊಸದೇನೂ ಅಲ್ಲ. ಕಿಷ್ಕಿಂಧೆಯಿಂದ ಹೊರಟ ಹನುಮಂತನ ಕೈಗೆ ಶ್ರೀರಾಮನು ಕೊಟ್ಟದ್ದು ಬರಿಯ ಉಂಗುರವಲ್ಲ, ತನ್ನ ಹೆಸರನ್ನು ಕೆತ್ತಿಸಿದ ಉಂಗುರ. ಅವನು ಹಿಂದಕ್ಕೆ ತಂದದ್ದೂ ಬರಿಯ ಮಾತನ್ನಲ್ಲ, ಚೂಡಾಮಣಿಯನ್ನು. ಹಂಪೆಯ ಪಕ್ಕದಲ್ಲೇ ನಡೆದ ವ್ಯವಹಾರವಿದೆಂದು ನಮ್ಮ ಕಡೆಯವರು ನಂಬುತ್ತಾರೆ. ರಶೀದಿಯಲ್ಲಿ ‘ಗಂಟು ಒಂದು’ ಎಂದು ಬರೆಯುವವರೂ ನಮ್ಮ ಕಡೆಯವರೇ.

ಕಳೆದ ಮಾಘದಲ್ಲಿ ಸಂಘದವರು ಎರಡನೆಯ ಸಲ ಮಾದರಿಗಳನ್ನು ಕಳುಹಿಸಿದರು, ಅದೇ ಸ್ಟುಡಿಯೋಗೆ. ಅಜ್ಜಿಯು ಕಾಂಚಳಿಯನ್ನು ಕೊಡಲಿಲ್ಲ. ನಾವು ಕೇಳಲೂ ಇಲ್ಲ. ತಾವು ಹೊಸದಾಗಿ ಹೊಲಿದ ಚೀಲವೊಂದನ್ನು ತಂದು, ಚೀಟಿಯಲ್ಲಿ ಏನು ಬರೆದಿದೆಯೆಂದು ಎರಡು ಸಲ ಓದಿಸಿ ಕೇಳಿ, ನೂಲನ್ನು ನಮ್ಮ ಕೈಯಿಂದ ತೆಗೆದುಕೊಂಡು ತಾವೇ ಕಟ್ಟಿದರು. “ಈ ಗಂಟು ನನ್ನದು, ಯಾರು ಬಿಚ್ಚಿದ್ರೂ ತಿಳೀತೈತಿ” ಎಂದರು. ಹದಿನೇಳು ದಿನಗಳ ಮೇಲೆ ನಲವತ್ತನಾಲ್ಕು ವಸ್ತುಗಳೂ ಬಂದವು. ಅಜ್ಜಿಯ ಚೀಲಕ್ಕೆ ಚೀಟಿಯಿತ್ತು, ಗಂಟು ಬೇರೆಯದಾಗಿತ್ತು. ಅವರು ಅದನ್ನು ನೋಡಿ, ಬಿಚ್ಚಿ, ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿ ಪೆಟ್ಟಿಗೆಯಲ್ಲಿಟ್ಟರು.