ಅಂಕೀಯ ದೂರವಾಣಿ ತಂತಿಯ ಮೇಲೆ ಪೊಟ್ಟಣ ಜಾಲ: ಎಕ್ಸ್.25 ಮತ್ತು ಐಎಸ್‌ಡಿಎನ್ ಸಂಯೋಜನೆಯ ಒಂದು ವಿವೇಚನೆ

ಪೀಠಿಕೆ

ದೂರವಾಣಿ ಜಾಲವು ಮನುಷ್ಯರ ಮಾತಿಗಾಗಿ ರೂಪುಗೊಂಡ ವ್ಯವಸ್ಥೆ; ದತ್ತಾಂಶ ಜಾಲವು ಗಣಕಯಂತ್ರಗಳ ಪರಸ್ಪರ ವ್ಯವಹಾರಕ್ಕಾಗಿ ರೂಪುಗೊಂಡ ವ್ಯವಸ್ಥೆ. ಇವೆರಡರ ಸ್ವಭಾವ ಮೂಲತಃ ಭಿನ್ನ. ಮಾತು ಎಡೆಬಿಡದೆ ಹರಿಯುತ್ತದೆ, ಸ್ವಲ್ಪ ದೋಷವನ್ನು ಸಹಿಸುತ್ತದೆ, ಆದರೆ ವಿಳಂಬವನ್ನು ಸಹಿಸದು. ದತ್ತಾಂಶ ಬಿಟ್ಟುಬಿಟ್ಟು ಬರುತ್ತದೆ, ವಿಳಂಬವನ್ನು ಸಹಿಸುತ್ತದೆ, ಆದರೆ ಒಂದು ಬಿಟ್‌ನ ದೋಷವನ್ನೂ ಸಹಿಸದು. ಈ ಎರಡು ಬಗೆಯ ಹರಿವುಗಳನ್ನು ಒಂದೇ ತಂತಿಯ ಮೇಲೆ ಒಯ್ಯುವುದು ಹೇಗೆ ಎಂಬ ಪ್ರಶ್ನೆ 1980ರ ದಶಕದಲ್ಲಿ ದೂರಸಂಪರ್ಕ ತಜ್ಞರ ಮುಂದಿದ್ದ ಮುಖ್ಯ ಪ್ರಶ್ನೆಗಳಲ್ಲೊಂದು. ಇದಕ್ಕೆ ದೊರೆತ ಉತ್ತರಗಳಲ್ಲಿ ಒಂದಾದ ಎಕ್ಸ್.31 ಶಿಫಾರಸನ್ನು, ಅಂದರೆ ಎಕ್ಸ್.25 ಎಂಬ ಪೊಟ್ಟಣ ಜಾಲದ ನಿಯಮಾವಳಿಯನ್ನು ಐಎಸ್‌ಡಿಎನ್ ಎಂಬ ಅಂಕೀಯ ದೂರವಾಣಿ ವ್ಯವಸ್ಥೆಯ ಮೇಲೆ ನಡೆಸುವ ವಿಧಾನವನ್ನು ಪರಿಚಯಿಸಿ, ಅದರ ಗುಣಾವಗುಣಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಂಡಲ ಮತ್ತು ಪೊಟ್ಟಣ

ಸಾಂಪ್ರದಾಯಿಕ ದೂರವಾಣಿ ಕರೆಯಲ್ಲಿ ಇಬ್ಬರ ನಡುವೆ ಒಂದು ಮಂಡಲ ಏರ್ಪಡುತ್ತದೆ. ಕರೆ ಮುಗಿಯುವವರೆಗೆ ಅದು ಅವರಿಬ್ಬರಿಗೇ ಮೀಸಲು. ಮೌನವಾಗಿದ್ದರೂ ದಾರಿ ಅವರದೇ, ಶುಲ್ಕವೂ ಅವರದೇ. ಪೊಟ್ಟಣ ಪದ್ಧತಿಯಲ್ಲಿ ಸಂದೇಶವನ್ನು ಸಣ್ಣ ತುಂಡುಗಳಾಗಿ ಒಡೆದು, ಪ್ರತಿಯೊಂದಕ್ಕೂ ವಿಳಾಸದ ಗುರುತು ಅಂಟಿಸಿ, ಅನೇಕರ ತುಂಡುಗಳನ್ನು ಒಂದೇ ದಾರಿಯಲ್ಲಿ ಕಳುಹಿಸಲಾಗುತ್ತದೆ. ಈ ಕಲ್ಪನೆಯನ್ನು 1960ರ ದಶಕದಲ್ಲಿ ಅಮೆರಿಕದ ಪಾಲ್ ಬರಾನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಪರಸ್ಪರ ಸ್ವತಂತ್ರವಾಗಿ ರೂಪಿಸಿದರು. 'ಪ್ಯಾಕೆಟ್' ಎಂಬ ಹೆಸರು ಡೇವಿಸ್ ಕೊಟ್ಟದ್ದು. ಕನ್ನಡದ 'ಪೊಟ್ಟಣ' ಆ ಅರ್ಥಕ್ಕೆ ಚೆನ್ನಾಗಿ ಒಗ್ಗುತ್ತದೆ: ಅಂಗಡಿಯಾತ ಮೂಟೆಯ ಸರಕನ್ನು ಅಳೆದು ಕಟ್ಟಿಕೊಡುವಂತೆ ಇಲ್ಲಿಯೂ ಅಳತೆಯೇ ಮುಖ್ಯ.

ಎಕ್ಸ್.25 ನಿಯಮಾವಳಿ

ಅಂತಾರಾಷ್ಟ್ರೀಯ ದೂರಸಂಪರ್ಕ ಸಮಿತಿಯಾದ ಸಿಸಿಐಟಿಟಿ 1976ರಲ್ಲಿ ಎಕ್ಸ್.25 ಶಿಫಾರಸನ್ನು ಅಂಗೀಕರಿಸಿತು. ಫ್ರಾನ್ಸಿನ ಟ್ರಾನ್ಸ್‌ಪ್ಯಾಕ್ ಜಾಲವು 1978ರ ಡಿಸೆಂಬರ್‌ನಲ್ಲಿ ಈ ನಿಯಮದಂತೆ ಸಾರ್ವಜನಿಕ ಸೇವೆ ಆರಂಭಿಸಿತು. ಅಲ್ಲಿ ಶುಲ್ಕವು ದೂರವನ್ನಲ್ಲ, ಮುಖ್ಯವಾಗಿ ಸಾಗಿಸಿದ ದತ್ತಾಂಶದ ಪ್ರಮಾಣವನ್ನು ಅವಲಂಬಿಸಿತ್ತು. ದೂರವಾಣಿಯ ಲೆಕ್ಕಾಚಾರಕ್ಕೆ ಹೊಂದಿಕೊಂಡಿದ್ದವರಿಗೆ ಇದೊಂದು ಹೊಸ ಆರ್ಥಿಕ ತತ್ತ್ವವೇ ಆಗಿತ್ತು.

ಎಕ್ಸ್.25ರಲ್ಲಿ ಮೂರು ಸ್ತರಗಳಿವೆ. ಮೊದಲನೆಯದು ತಂತಿ ಮತ್ತು ವಿದ್ಯುತ್ ಸಂಕೇತಗಳ ಭೌತಿಕ ಸ್ತರ. ಎರಡನೆಯದು ಲ್ಯಾಪ್-ಬಿ ಎಂಬ ಕೊಂಡಿ ಸ್ತರ; ಇದು ಬಿಟ್‌ಗಳನ್ನು ಚೌಕಟ್ಟುಗಳಾಗಿ ಕಟ್ಟಿ, ದೋಷವನ್ನು ಪತ್ತೆಹಚ್ಚಿ, ಕೆಟ್ಟ ಚೌಕಟ್ಟನ್ನು ಮತ್ತೆ ಕಳುಹಿಸುವಂತೆ ಕೇಳುತ್ತದೆ. ಮೂರನೆಯದು ಪೊಟ್ಟಣ ಸ್ತರ. ಇದು ಒಂದೇ ಕೊಂಡಿಯ ಮೇಲೆ 4095ರವರೆಗೆ ಕಲ್ಪಿತ ಮಂಡಲಗಳನ್ನು ನಡೆಸಬಲ್ಲದು. ಗುರುತಿಗೆ 12 ಬಿಟ್‌ಗಳಿದ್ದು ಸೊನ್ನೆಯನ್ನು ಬೇರೆ ಕೆಲಸಕ್ಕೆ ಮೀಸಲಿಟ್ಟಿರುವುದರಿಂದ ಈ ಸಂಖ್ಯೆ ಬರುತ್ತದೆ. 'ಕಲ್ಪಿತ' ಎಂಬ ವಿಶೇಷಣವನ್ನು ಗಮನಿಸಬೇಕು. ಕರೆ ಮಾಡುವುದು, ಒಪ್ಪಿಕೊಳ್ಳುವುದು, ಮುಗಿಸುವುದು ಎಲ್ಲವೂ ದೂರವಾಣಿಯಂತೆಯೇ ಇದ್ದರೂ ಮೀಸಲಾದ ದಾರಿ ಮಾತ್ರ ಇರುವುದಿಲ್ಲ.

ಪೊಟ್ಟಣದ ರೂಢಿಯ ಗಾತ್ರ 128 ಬೈಟ್. ಇದಕ್ಕೆ ಪೊಟ್ಟಣ ಸ್ತರದ 3 ಬೈಟ್, ಲ್ಯಾಪ್-ಬಿ ಚೌಕಟ್ಟಿನ 6 ಬೈಟ್ ಸೇರಿದರೆ 137 ಬೈಟ್ ಆಗುತ್ತದೆ. ಅಂದರೆ ಸಾಗಣೆಯ ಹೊರೆ ಶೇಕಡಾ 7ಕ್ಕಿಂತ ಕಡಿಮೆ.

ಐಎಸ್‌ಡಿಎನ್‌ನ ರಚನೆ

ದೂರವಾಣಿ ವಿನಿಮಯ ಕೇಂದ್ರಗಳು ಅಂಕೀಯಗೊಂಡಾಗ ಮಾತನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುವ ಪದ್ಧತಿ ಬಂದಿತು. ಇವೆರಡರ ಗುಣಲಬ್ಧವಾದ 64,000 ಬಿಟ್ ಅಂಕೀಯ ದೂರವಾಣಿಯ ಮೂಲ ಮಾನವಾಯಿತು. ಕೇಂದ್ರಗಳ ನಡುವೆ ಎಲ್ಲವೂ ಅಂಕಿಗಳಾದ ಮೇಲೆ ಮನೆಯವರೆಗಿನ ಕೊನೆಯ ತಂತಿ ಮಾತ್ರ ಏಕೆ ಹಳೆಯ ರೀತಿಯಲ್ಲಿರಬೇಕು ಎಂಬ ಚಿಂತನೆಯೇ ಸಮಗ್ರ ಸೇವೆಗಳ ಅಂಕೀಯ ಜಾಲ, ಅರ್ಥಾತ್ ಐಎಸ್‌ಡಿಎನ್. ಇದರ ಮೂಲ ಶಿಫಾರಸುಗಳು 1984ರಲ್ಲಿ ಪ್ರಕಟವಾದವು. 1988ರಲ್ಲಿ ಪರಿಷ್ಕರಣೆ ಹೊಂದಿದವು.

ಮನೆಗೆ ಬರುವ ಮೂಲ ಸಂಪರ್ಕದಲ್ಲಿ ತಲಾ 64,000 ಬಿಟ್ ವೇಗದ ಎರಡು ಬಿ ವಾಹಿನಿಗಳೂ 16,000 ಬಿಟ್ ವೇಗದ ಒಂದು ಡಿ ವಾಹಿನಿಯೂ ಇರುತ್ತವೆ. ಬಿ ವಾಹಿನಿಗಳು ಮಾತು ಅಥವಾ ದತ್ತಾಂಶಕ್ಕೆ. ಡಿ ವಾಹಿನಿಯ ಮುಖ್ಯ ಕೆಲಸ ಕರೆಗಳನ್ನು ಕಟ್ಟುವ ಮತ್ತು ಬಿಚ್ಚುವ ಸಂಜ್ಞೆಗಳನ್ನು ಒಯ್ಯುವುದು. ದಿನದ ಬಹುಪಾಲು ಸಮಯ ಅದು ಸುಮ್ಮನಿರುತ್ತದೆ. ಈ ಬಿಡುವೇ ನಮ್ಮ ವಿಷಯದ ತಿರುಳು.

ಎಕ್ಸ್.31: ಎರಡು ಮಾರ್ಗಗಳು

ಎಕ್ಸ್.31 ಶಿಫಾರಸು ಎರಡು ಮಾರ್ಗಗಳನ್ನು ಸೂಚಿಸುತ್ತದೆ. ಮೊದಲನೆಯದರಲ್ಲಿ ಐಎಸ್‌ಡಿಎನ್ ಕೇವಲ ದಾರಿ. ಟರ್ಮಿನಲ್ ಬಿ ವಾಹಿನಿಯಲ್ಲಿ ಪೊಟ್ಟಣ ಜಾಲದ ದ್ವಾರಕ್ಕೆ ಸಾಮಾನ್ಯ ಕರೆ ಮಾಡುತ್ತದೆ; ಸಂಪರ್ಕ ಸಿಕ್ಕ ಮೇಲೆ ಅದರೊಳಗೆ ಲ್ಯಾಪ್-ಬಿ ಕೊಂಡಿಯನ್ನು ಎಬ್ಬಿಸಿ, ನಂತರ ಎಕ್ಸ್.25 ಕರೆಯನ್ನು ಹೊರಡಿಸುತ್ತದೆ. ಹೀಗೆ ಕರೆಯೊಳಗೊಂದು ಕರೆ ನಡೆಯುತ್ತದೆ. ಹೊರಗಿನ ಕರೆಗೆ ದೂರವಾಣಿ ಸಂಖ್ಯೆ, ಒಳಗಿನದಕ್ಕೆ ಗರಿಷ್ಠ 14 ಅಂಕಿಗಳ ದತ್ತಾಂಶ ಜಾಲದ ವಿಳಾಸ. ಟರ್ಮಿನಲ್ಲಿನ ವೇಗ 64,000 ಬಿಟ್‌ಗಿಂತ ಕಡಿಮೆಯಿದ್ದರೆ ಚೌಕಟ್ಟುಗಳ ನಡುವಿನ ತೆರಪನ್ನು ಗಡಿಚಿಹ್ನೆಗಳಿಂದ ತುಂಬಿ ವೇಗವನ್ನು ಸರಿದೂಗಿಸಲಾಗುತ್ತದೆ.

ಎರಡನೆಯ ಮಾರ್ಗದಲ್ಲಿ ಪೊಟ್ಟಣಗಳನ್ನು ನಿಭಾಯಿಸುವ ಘಟಕವನ್ನು ಐಎಸ್‌ಡಿಎನ್ ತನ್ನೊಳಗೇ ಇರಿಸಿಕೊಳ್ಳುತ್ತದೆ. ಇಲ್ಲಿ ಬಿ ವಾಹಿನಿಯನ್ನೂ ಬಳಸಬಹುದು, ಡಿ ವಾಹಿನಿಯನ್ನೂ ಬಳಸಬಹುದು. ಡಿ ವಾಹಿನಿಯ ಕೊಂಡಿ ಸ್ತರಕ್ಕೆ ಲ್ಯಾಪ್-ಡಿ ಎಂದು ಹೆಸರು. ಅದರ ಪ್ರತಿ ಚೌಕಟ್ಟಿನಲ್ಲೂ ಎರಡು ಗುರುತುಗಳಿರುತ್ತವೆ: ಯಾವ ಸೇವೆ ಎಂಬುದು ಒಂದು, ಯಾವ ಟರ್ಮಿನಲ್ ಎಂಬುದು ಇನ್ನೊಂದು. ಸೇವೆಯ ಗುರುತು 0 ಆಗಿದ್ದರೆ ಅದು ದೂರವಾಣಿ ಸಂಜ್ಞೆ. 16 ಆಗಿದ್ದರೆ ಎಕ್ಸ್.25 ಪೊಟ್ಟಣ. ವಿನಿಮಯ ಕೇಂದ್ರವು ಈ ಸಂಖ್ಯೆಯನ್ನು ನೋಡಿ ಮೊದಲನೆಯದನ್ನು ಕರೆ ನಿರ್ವಹಣೆಗೂ ಎರಡನೆಯದನ್ನು ಪೊಟ್ಟಣ ಘಟಕಕ್ಕೂ ಕಳುಹಿಸುತ್ತದೆ. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಕೆಲಸದಂತೆಯೇ ಇದೂ.

ಸಂಜ್ಞೆಗೆ ಅಡ್ಡಿಯಾಗದ ಬಗೆ

ಸಂಜ್ಞೆಗಳ ದಾರಿಯಲ್ಲಿ ಪೊಟ್ಟಣಗಳು ಸಾಗಿದರೆ ತುರ್ತು ಕರೆಯೊಂದು ತಡವಾಗುವುದಿಲ್ಲವೇ ಎಂಬ ಸಂದೇಹ ಸಹಜ. ಒಂದು ಸಂಪರ್ಕದಲ್ಲಿ ಎಂಟು ಉಪಕರಣಗಳವರೆಗೆ ಒಂದೇ ತಂತಿಯನ್ನು ಹಂಚಿಕೊಳ್ಳಬಹುದಾದ್ದರಿಂದ ಈ ಸಂದೇಹ ಇನ್ನಷ್ಟು ಗಂಭೀರ. ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು.

ಚೌಕಟ್ಟಿನ ಆದಿ ಮತ್ತು ಅಂತ್ಯಗಳಲ್ಲಿ ಬರುವ ಗಡಿಚಿಹ್ನೆಯಲ್ಲಿ ಸತತ ಆರು ಒಂದುಗಳಿರುತ್ತವೆ. ಒಳಗಿನ ದತ್ತಾಂಶದಲ್ಲಿ ಐದು ಒಂದುಗಳು ಸಾಲಾಗಿ ಬಂದರೆ ಕಳುಹಿಸುವ ಉಪಕರಣವು ಅಲ್ಲೊಂದು ಸೊನ್ನೆಯನ್ನು ಸೇರಿಸುತ್ತದೆ. ಪಡೆಯುವ ಉಪಕರಣ ಅದನ್ನು ತೆಗೆದುಹಾಕುತ್ತದೆ. ಆದ್ದರಿಂದ ಯಾರಾದರೂ ಚೌಕಟ್ಟನ್ನು ಕಳುಹಿಸುತ್ತಿರುವಾಗ ತಂತಿಯ ಮೇಲೆ ಆರಕ್ಕಿಂತ ಹೆಚ್ಚು ಒಂದುಗಳು ಸಾಲಾಗಿ ಕಾಣಿಸುವುದಿಲ್ಲ. ಎಂಟು ಒಂದುಗಳು ಕಂಡರೆ ವಾಹಿನಿ ಬಿಡುವಾಗಿದೆ ಎಂದೇ ಅರ್ಥ. ಸಂಜ್ಞೆ ಕಳುಹಿಸಬೇಕಾದ ಉಪಕರಣವು ಎಂಟು ಒಂದುಗಳನ್ನು ಎಣಿಸಿ ಹೊರಡಬಹುದು. ಪೊಟ್ಟಣ ಕಳುಹಿಸಬೇಕಾದದ್ದು ಹತ್ತನ್ನು ಎಣಿಸಬೇಕು. ಈ ಎರಡು ಬಿಟ್‌ಗಳ ಅಂತರವೇ ಸಂಜ್ಞೆಗೆ ದೊರೆಯುವ ಪ್ರಾಶಸ್ತ್ಯ. ಒಮ್ಮೆ ಕಳುಹಿಸಿದ ಉಪಕರಣ ಮುಂದಿನ ಬಾರಿ ಒಂದನ್ನು ಹೆಚ್ಚಾಗಿ ಎಣಿಸಬೇಕಾದ್ದರಿಂದ ಉಳಿದವುಗಳಿಗೂ ಸರದಿ ಸಿಗುತ್ತದೆ.

ಎರಡು ಉಪಕರಣಗಳು ಒಂದೇ ಕ್ಷಣದಲ್ಲಿ ಹೊರಟರೆ? ತಂತಿಯ ಮೇಲೆ ಒಂದು ಎಂದರೆ ಮೌನ, ಸೊನ್ನೆ ಎಂದರೆ ಸ್ಪಂದನ. ಮನೆಯ ಸಂಪರ್ಕ ಪೆಟ್ಟಿಗೆಯು ತನಗೆ ಬಂದ ಪ್ರತಿ ಬಿಟ್ಟನ್ನೂ ಪ್ರತಿಧ್ವನಿಸುತ್ತದೆ. ತಾನು ಒಂದನ್ನು ಕಳುಹಿಸಿ ಸೊನ್ನೆಯನ್ನು ಕೇಳಿದ ಉಪಕರಣವು ಬೇರೊಬ್ಬರು ಮಾತಾಡುತ್ತಿದ್ದಾರೆಂದು ತಿಳಿದು ಹಿಂದೆ ಸರಿಯುತ್ತದೆ. ಗೆದ್ದ ಉಪಕರಣದ ಚೌಕಟ್ಟಿಗೆ ಯಾವ ಹಾನಿಯೂ ಆಗುವುದಿಲ್ಲ.

ಆದರೂ ಹೊರಟ ಚೌಕಟ್ಟನ್ನು ನಡುವೆ ತಡೆಯಲಾಗದು. ಲ್ಯಾಪ್-ಡಿಯಲ್ಲಿ ಒಯ್ಯಬಹುದಾದ ಮಾಹಿತಿಯ ರೂಢಿಯ ಮಿತಿ 260 ಬೈಟ್ ಎಂಬುದಕ್ಕೆ ಇಲ್ಲಿ ಮಹತ್ವ ಬರುತ್ತದೆ. 256 ಬೈಟ್‌ಗಳ ಪೊಟ್ಟಣವು ತನ್ನ ತಲೆಬರಹ ಮತ್ತು ಚೌಕಟ್ಟಿನೊಡನೆ 267 ಬೈಟ್ ಆಗುತ್ತದೆ. 16,000 ಬಿಟ್ ವೇಗದಲ್ಲಿ ಇದು ದಾಟಲು, ಸೇರಿಸಿದ ಸೊನ್ನೆಗಳನ್ನು ಬಿಟ್ಟು, ಸುಮಾರು 134 ಮಿಲಿಸೆಕೆಂಡು ಬೇಕು. ದೂರವಾಣಿ ಎತ್ತಿದವರ ಅನುಭವಕ್ಕೆ ಬಾರದಷ್ಟು ಅಲ್ಪ ವಿಳಂಬವಿದು.

ಉಪಯೋಗದ ನೆಲೆ

ಡಿ ವಾಹಿನಿಯ ಪೊಟ್ಟಣ ಸೇವೆಯನ್ನು ಅನೇಕ ಸಂಸ್ಥೆಗಳು ಸೆಕೆಂಡಿಗೆ 9600 ಬಿಟ್‌ಗಳಿಗೆ ಸೀಮಿತಗೊಳಿಸಿದ್ದವು. ದೊಡ್ಡ ಕಡತಗಳಿಗೆ ಇದು ಸಾಲದು. ಆದರೆ ಅಂಗಡಿಯೊಂದರಲ್ಲಿ ಬ್ಯಾಂಕ್ ಕಾರ್ಡನ್ನು ಪರಿಶೀಲಿಸುವ ಸಂದೇಶ ಕೆಲವು ನೂರು ಬೈಟ್‌ಗಳಷ್ಟೇ. ಅದಕ್ಕಾಗಿ ಮೋಡೆಮ್ ಮೂಲಕ ಕರೆ ಮಾಡಿ, ಸಂಪರ್ಕ ಕೂಡುವವರೆಗೆ ಕಾದು, ಪೂರ್ಣ ಕರೆಯ ಶುಲ್ಕ ತೆರುವುದು ಅಪವ್ಯಯ. ಡಿ ವಾಹಿನಿಯಲ್ಲಾದರೋ ಕೊಂಡಿ ಸದಾ ಎದ್ದಿರುತ್ತದೆ. ಎರಡೂ ಬಿ ವಾಹಿನಿಗಳಲ್ಲಿ ಮಾತು ನಡೆಯುತ್ತಿದ್ದರೂ ಕಾರ್ಡಿನ ವ್ಯವಹಾರ ನಡೆಯುತ್ತದೆ.

ಇದಕ್ಕಿಂತ ಗಂಭೀರವಾದ ಉಪಯೋಗ ಅಪಾಯಸೂಚಕ ವ್ಯವಸ್ಥೆಗಳದು. ಜರ್ಮನಿಯಲ್ಲಿ ಬೆಂಕಿ ಹಾಗೂ ಕಳ್ಳತನದ ಎಚ್ಚರಿಕೆ ನೀಡುವ ಉಪಕರಣಗಳು ಡಿ ವಾಹಿನಿಯ ಎಕ್ಸ್.25 ಸಂಪರ್ಕವನ್ನು ಬಳಸಿದವು. ಕರೆ ಮಾಡಿ ತಿಳಿಸುವ ಉಪಕರಣದಲ್ಲಿ ಒಂದು ಕೊರತೆಯುಂಟು: ಕಳ್ಳನು ಮೊದಲೇ ತಂತಿಯನ್ನು ಕತ್ತರಿಸಿದರೆ ಯಾರಿಗೂ ತಿಳಿಯದು. ಸದಾ ಎದ್ದಿರುವ ಕಲ್ಪಿತ ಮಂಡಲದಲ್ಲಿ ಸಂಪರ್ಕ ಕಡಿದುಹೋದದ್ದೇ ಒಂದು ಸುದ್ದಿಯಾಗಿ ನಿಗಾ ಕೇಂದ್ರವನ್ನು ಮುಟ್ಟುತ್ತದೆ.

ಮುಂದೆ ಅಂತರ್ಜಾಲದ ಪೊಟ್ಟಣಗಳನ್ನು ಎಕ್ಸ್.25ರ ಮೇಲೆ ಒಯ್ಯುವ ವಿಧಾನವೂ ನಿಗದಿಯಾಯಿತು. 1990ರ ದಶಕದಲ್ಲಿ ಡಿ ವಾಹಿನಿಯ ಮೂಲಕ ಸದಾ ಸಂಪರ್ಕದಲ್ಲಿದ್ದು, ಹೊರೆ ಹೆಚ್ಚಿದಾಗ ಮಾತ್ರ ಬಿ ವಾಹಿನಿಗಳನ್ನು ಜೋಡಿಸಿಕೊಳ್ಳುವ ಯೋಜನೆಯೊಂದು ರೂಪುಗೊಂಡಿತು. ಎಡಿಎಸ್‌ಎಲ್ ಬಂದ ಮೇಲೆ ಅದರ ಅಗತ್ಯ ಉಳಿಯಲಿಲ್ಲ.

ಭಾರತದ ಸಂದರ್ಭ

ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಐ-ನೆಟ್ 1990ರ ದಶಕದಲ್ಲಿ ಎಕ್ಸ್.25 ಸೇವೆಯನ್ನು ಒದಗಿಸಿತು. 1986ರಲ್ಲಿ ಆರಂಭವಾದ ಶೈಕ್ಷಣಿಕ ಜಾಲ ಅರ್ನೆಟ್‌ನ ಎಂಟು ಸಹಭಾಗಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರ್ಜಾಲ ಸೇವೆ ಆರಂಭವಾದ ಮೇಲೆ ಗಮನ ಆ ಕಡೆ ಹರಿದು, ಎಕ್ಸ್.25 ಇಲ್ಲಿ ಫ್ರಾನ್ಸಿನಲ್ಲಿದ್ದಷ್ಟು ಆಳವಾಗಿ ಬೇರೂರಲಿಲ್ಲ.

ಭರವಸೆ ಯಾರ ಹೊಣೆ?

ಎಕ್ಸ್.25ರ ಮೂಲ ನಂಬಿಕೆ, ದತ್ತಾಂಶವನ್ನು ದೋಷವಿಲ್ಲದೆ ತಲುಪಿಸುವ ಹೊಣೆ ಜಾಲದ್ದು ಎಂಬುದು. ಸದ್ದುಗದ್ದಲದ ತಾಮ್ರದ ತಂತಿಗಳ ಕಾಲಕ್ಕೆ ಅದು ಸರಿಯಾಗಿತ್ತು. ಸಾಲ್ಟ್ಜರ್, ರೀಡ್ ಮತ್ತು ಕ್ಲಾರ್ಕ್ 1980ರ ದಶಕದ ಆರಂಭದಲ್ಲಿ ಇದಕ್ಕೆ ಪ್ರತಿವಾದವನ್ನು ಮಂಡಿಸಿದರು: ಕೊನೆಯ ಪರಿಶೀಲನೆಯನ್ನು ಹೇಗೂ ತುದಿಯ ಯಂತ್ರಗಳೇ ಮಾಡಬೇಕಾಗಿರುವಾಗ, ಜಾಲದ ಒಳಗಿನ ಪರಿಶೀಲನೆ ಅದಕ್ಕೆ ಬದಲಾಗಲಾರದು, ವೇಗ ಹೆಚ್ಚಿಸಲು ನೆರವಾದರಷ್ಟೇ ಅದಕ್ಕೆ ಅರ್ಥವಿದೆ. ಬೆಳಕಿನ ತಂತುಗಳಿಂದ ದೋಷದ ಪ್ರಮಾಣ ಬಹುವಾಗಿ ಇಳಿದಾಗ ಪ್ರತಿ ಹೆಜ್ಜೆಯಲ್ಲೂ ನಿಂತು ಪರೀಕ್ಷಿಸುವುದು ವ್ಯರ್ಥವಾಗಿ ಕಂಡಿತು. ಐಎಸ್‌ಡಿಎನ್‌ನ ಒಳಗೇ ಹುಟ್ಟಿದ ಫ್ರೇಮ್ ರಿಲೇ ಪದ್ಧತಿಯು ಮರುಕಳುಹಿಸುವ ಹೊಣೆಯನ್ನು ಕೈಬಿಟ್ಟು ವೇಗವನ್ನು ಗಳಿಸಿತು.

ಆದರೆ ಜಾಲವು ಕೈಬಿಟ್ಟ ಹೊಣೆಯನ್ನು ಬೇರೊಬ್ಬರು ಹೊರಲೇಬೇಕು. ಐಎಸ್‌ಡಿಎನ್‌ನಲ್ಲಿ ವಿನಿಮಯ ಕೇಂದ್ರವು ತಂತಿಯ ಮೂಲಕವೇ ಒಂದು ದೂರವಾಣಿಗೆ ಸಾಲುವಷ್ಟು ವಿದ್ಯುತ್ತನ್ನು ಒದಗಿಸಬಲ್ಲುದಾಗಿತ್ತು. ಅಂತರ್ಜಾಲ ಪದ್ಧತಿಯ ಸಂಪರ್ಕದಲ್ಲಿ ಮನೆಯ ವಿದ್ಯುತ್ ಹೋದರೆ, ಬ್ಯಾಟರಿಯ ಏರ್ಪಾಡಿಲ್ಲದಿದ್ದಲ್ಲಿ, ಮಾತೂ ನಿಲ್ಲುತ್ತದೆ, ಎಚ್ಚರಿಕೆಯ ಗಂಟೆಯೂ ನಿಲ್ಲುತ್ತದೆ. ಹಳೆಯ ಸಂಪರ್ಕಗಳನ್ನು ಬದಲಿಸುವಾಗ ಆಸ್ಪತ್ರೆ, ಲಿಫ್ಟ್, ಅಗ್ನಿಶಾಮಕ ವ್ಯವಸ್ಥೆಗಳಲ್ಲಿ ಇದನ್ನು ಪ್ರತ್ಯೇಕವಾಗಿ ಯೋಜಿಸಬೇಕಾಗುತ್ತದೆ.

ಉಪಸಂಹಾರ

ಟ್ರಾನ್ಸ್‌ಪ್ಯಾಕ್‌ನ ಎಕ್ಸ್.25 ಸೇವೆ, ಅದನ್ನೇ ಆಶ್ರಯಿಸಿದ್ದ ಮಿನಿಟೆಲ್ ಸೇವೆಯೊಡನೆ, 2012ರ ಜೂನ್ 30ರಂದು ಕೊನೆಗೊಂಡಿತು. ಜಪಾನಿನಲ್ಲಿ ಐಎಸ್‌ಡಿಎನ್‌ನ ಅಂಕೀಯ ಸಂವಹನ ಸೇವೆಯನ್ನು 2024ರ ಜನವರಿಯಿಂದ ಹಂತಹಂತವಾಗಿ ನಿಲ್ಲಿಸಲಾಯಿತು. ಆದರೂ ಇವುಗಳ ಅಂಶಗಳು ಬೇರೆಡೆ ಉಳಿದಿವೆ. ಜಿಎಸ್‌ಎಂ ಮೊಬೈಲ್ ಜಾಲದ ಗೋಪುರ ಮತ್ತು ನಿಯಂತ್ರಕಗಳ ನಡುವಿನ ಸಂಜ್ಞೆಗಳಿಗೆ ಲ್ಯಾಪ್-ಡಿಯನ್ನೇ ಅಳವಡಿಸಿಕೊಳ್ಳಲಾಯಿತು. ಒಂದು ಕಾಲಕ್ಕೆ ದೂರವಾಣಿ ತಂತಿಯಲ್ಲಿ ಬಿಡುವಾಗಿದ್ದ ಸಣ್ಣ ವಾಹಿನಿಯೊಂದನ್ನು ಪೊಟ್ಟಣಗಳು ಬೇಡಿ ಪಡೆದಿದ್ದವು. ಈಗ ಮಾತೇ ಪೊಟ್ಟಣಗಳಾಗಿ ದತ್ತಾಂಶ ಜಾಲದಲ್ಲಿ ಸಾಗುತ್ತಿದೆ. ಒಂದೇ ತಂತಿಯಲ್ಲಿ ಯಾವ ಸಂದೇಶಕ್ಕೆ ಮೊದಲ ಪ್ರಾಶಸ್ತ್ಯ, ಕಡಿದ ಸಂಪರ್ಕವನ್ನು ಯಾರು ಗಮನಿಸಬೇಕು ಎಂಬ ಪ್ರಶ್ನೆಗಳು ಮಾತ್ರ ಹಾಗೆಯೇ ಇವೆ. ಅವುಗಳಿಗೆ ಎಕ್ಸ್.31 ಕೊಟ್ಟ ಉತ್ತರಗಳನ್ನು ಇಂದಿನ ಜಾಲಗಳನ್ನು ರೂಪಿಸುವವರೂ ಅಧ್ಯಯನ ಮಾಡುವುದು ಉಚಿತ.