ಬೆಳಗಿನ ಇಸ್ತ್ರಿ, ಸಂಜೆಯ ಮಳೆ

‘ರೀ, ಕೊಡೆ ತಗೊಂಡು ಹೋಗಿ.’

ಅಡುಗೆಮನೆಯಿಂದ ಬಂದ ಈ ಕೂಗಿಗೆ, ಬಾಗಿಲ ಬಳಿ ಷೂ ಲೇಸು ಕಟ್ಟುತ್ತಿದ್ದ ಯಜಮಾನರು ತಲೆ ಎತ್ತಿ ಆಕಾಶ ನೋಡುತ್ತಾರೆ. ಒರೆಸಿಟ್ಟ ಗಾಜಿನಂಥ ನೀಲಿ. ಅರಳೆಯ ಹಾಗೆ ಒಂದೆರಡು ಮೋಡ. ‘ಇಷ್ಟು ಬಿಸಿಲಿದೆಯಲ್ಲೇ, ಕೊಡೆ ಯಾಕೆ?’ ಎಂದು ಹೊರಟೇಬಿಡುತ್ತಾರೆ. ಸಂಜೆ ಆರೂವರೆಗೆ ಅದೇ ಯಜಮಾನರು ಯಾವುದೋ ಅಂಗಡಿಯ ಸೂರಿನಡಿ ಹತ್ತಾರು ಮಂದಿಯ ನಡುವೆ ಮುದುಡಿ ನಿಂತಿರುತ್ತಾರೆ. ಬೆಳಿಗ್ಗೆ ಗರಿಗರಿಯಾಗಿದ್ದ ಬಿಳಿ ಶರ್ಟು ಮೈಗೆ ಅಂಟಿ, ಒಳಗಿನ ಬನಿಯನ್ನಿನ ತೂತುಗಳನ್ನು ಊರಿಗೆಲ್ಲ ಸಾರುತ್ತಿರುತ್ತದೆ. ಪ್ಯಾಂಟಿನ ಮೇಲೆ ಬಸ್ಸೊಂದು ಬಿಡಿಸಿ ಹೋದ ಕೆಸರಿನ ರಂಗೋಲಿ.

ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನ ಯಾವ ರಸ್ತೆಯಲ್ಲಾದರೂ ಕಾಣುವ ದೃಶ್ಯವಿದು. ಕವಿಗಳ ಪಾಲಿಗೆ ಶರದೃತುವೆಂದರೆ ತಿಳಿಯಾದ ಆಗಸ, ಬೆಳದಿಂಗಳು. ಕಚೇರಿಗೆ ಹೊರಟ ಗಂಡಸಿನ ಪಾಲಿಗೆ ಅದು ಬಟ್ಟೆಯ ಬೀರುವಿನ ಮುಂದೆ ನಿಂತು ತಲೆ ಕೆರೆದುಕೊಳ್ಳುವ ಕಾಲ. ದಪ್ಪ ಬಟ್ಟೆ ತೊಟ್ಟರೆ ಮಧ್ಯಾಹ್ನ ಬೆವರು, ತೆಳುವಾದದ್ದು ತೊಟ್ಟರೆ ರಾತ್ರಿ ನಡುಕ. ಠಾಕುಠೀಕಾಗಿ ಹೊರಟವನು ಠಾಕುಠೀಕಾಗಿಯೇ ಮನೆ ಸೇರುವುದು ಹೇಗೆ?

ಇದು ಬರಿಯ ಶೋಕಿಯ ಪ್ರಶ್ನೆಯಲ್ಲ. ಇರುವ ಒಂದೇ ಒಳ್ಳೆಯ ಶರ್ಟು ತೊಟ್ಟು, ಎರಡು ಬಸ್ಸು ಬದಲಿಸಿ ಸಂದರ್ಶನಕ್ಕೆ ಹೊರಟ ಹುಡುಗನಿದ್ದಾನೆ. ಟೈ ಕಟ್ಟಿಕೊಂಡು, ಭಾರದ ಚೀಲ ಹೊತ್ತು, ಬೈಕಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಔಷಧ ಕಂಪನಿಯ ಪ್ರತಿನಿಧಿಯಿದ್ದಾನೆ. ಎದುರಿಗೆ ಕುಳಿತವರು ಇವರ ಮಾತು ಕೇಳುವ ಮೊದಲು ನೋಡುವುದು ಬಟ್ಟೆಯನ್ನು. ‘ಮಳೆ ಬಂತು ಸಾರ್’ ಎಂಬ ಸಮಜಾಯಿಷಿ ಎಷ್ಟು ಸಲ ನಡೆದೀತು?

ಒಂದು ದಿನ, ಮೂರು ಕಾಲ

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿಗೆ ಈ ಎರಡು ತಿಂಗಳುಗಳು ವರ್ಷದಲ್ಲೇ ಹೆಚ್ಚು ಮಳೆ ತರುವ ತಿಂಗಳುಗಳ ಸಾಲಿನಲ್ಲಿವೆ. ಜೂನ್, ಜುಲೈನಲ್ಲಿ ದಿನವಿಡೀ ಮೋಡ ಕವಿದಿದ್ದರೂ ಬೀಳುವುದು ಹೆಚ್ಚಾಗಿ ಜಿಟಿಜಿಟಿ. ಮುಂಗಾರಿನ ಅಬ್ಬರ ತಗ್ಗಿದಾಗ ಹಗಲು ಬಿಸಿಲು ಚುರುಕಾಗುತ್ತದೆ. ನೆಲ ಕಾದು, ತೇವ ತುಂಬಿದ ಗಾಳಿ ಮೇಲೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರ ಕಟ್ಟಿ, ಸಂಜೆ ಗುಡುಗಿನೊಂದಿಗೆ ಕುಸಿಯುತ್ತದೆ. ಸರಿಯಾಗಿ ಕಚೇರಿ ಬಿಡುವ ಹೊತ್ತು! ಹಗಲಿನ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಸಿಯಸ್. ರಾತ್ರಿ 20ರ ಆಸುಪಾಸಿಗೆ ಇಳಿಯುತ್ತದೆ. ಅಕ್ಟೋಬರಿನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರಂತೂ ಎರಡು-ಮೂರು ದಿನ ಸೂರ್ಯನ ಮುಖವಿಲ್ಲ.

ರೈತರು ಈ ಮಳೆಗಳನ್ನು ಉತ್ತರೆ, ಹಸ್ತ, ಚಿತ್ತೆ ಎಂದು ಹೆಸರಿಟ್ಟು ಕರೆಯುತ್ತಾರೆ. ಚಿತ್ತೆಗೆ ‘ಕುರುಡು ಚಿತ್ತೆ’ ಎಂಬ ಬಿರುದೇ ಇದೆ. ಎಲ್ಲಿ ಸುರಿದೀತು, ಯಾರನ್ನು ಬಿಟ್ಟೀತು, ಅದಕ್ಕೇ ತಿಳಿಯದು. 1997ರ ಅಕ್ಟೋಬರ್ 1ರಂದು ಬೆಂಗಳೂರಿನಲ್ಲಿ 24 ಗಂಟೆಗಳಲ್ಲಿ ಸುಮಾರು 179 ಮಿಲಿಮೀಟರ್ ಮಳೆಯಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದನ್ನು ದೇಶವೇ ನೋಡಿತು. ಅಂಥ ದಿನ ಯಾವ ಉಡುಪೂ ಕಾಪಾಡದು. ಉಳಿದ ದಿನಗಳಿಗೆ ಮಾತ್ರ ಉಪಾಯವುಂಟು.

ಹಿರಿಯರ ಉಪಾಯ

ಊರಿನ ಹಳಬರಿಗೆ ಈ ಹವೆಯ ಮರ್ಮ ಗೊತ್ತಿತ್ತು. ಬೆಳಿಗ್ಗೆ, ಸಂಜೆ ತೊಟ್ಟು ಮಧ್ಯಾಹ್ನ ಕಳಚಿ ಕುರ್ಚಿಗೆ ತೂಗುಹಾಕುವ ಕೋಟು, ಮೊಣಕಾಲಿನವರೆಗೆ ಎತ್ತಿ ಕಟ್ಟಬಹುದಾದ ಪಂಚೆ, ಬಿಸಿಲಿಗೂ ಮಳೆಗೂ ಆಗುವ ಕೊಡೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕೋಟು ತೊಟ್ಟು, ಕೊಡೆ ಹಿಡಿದು ಗಾಂಧಿ ಬಜಾರಿನಲ್ಲಿ ಸಂಜೆ ನಡೆದು ಹೋಗುತ್ತಿದ್ದ ಚಿತ್ರ ಬಸವನಗುಡಿಯ ಹಿರಿಯರ ನೆನಪಿನಲ್ಲಿ ಇನ್ನೂ ಹಸಿರು. ಆ ಗಾಂಭೀರ್ಯಕ್ಕೆ ಕೊಡೆಯಿಂದ ಕುಂದು ಬರಲಿಲ್ಲ. ಕೊಡೆಯಿಲ್ಲದೆ ಆ ಚಿತ್ರವೇ ಪೂರ್ಣವಾಗದು.

ಬಟ್ಟೆಯೂ ಹವೆಗೆ ತಕ್ಕಂತೆ ಇತ್ತು. 1884ರಲ್ಲಿ ಆರಂಭವಾಗಿ, ಮುಂದೆ ಬಿನ್ನಿ ಮಿಲ್ ಎಂದೇ ಹೆಸರಾದ ಬೆಂಗಳೂರಿನ ಗಿರಣಿ ಹತ್ತಿ ಮತ್ತು ಉಣ್ಣೆ ಬೆರೆಸಿ ನೇಯ್ದ ‘ಕಾಟ್ಸ್‌ವೂಲ್’ ಬಟ್ಟೆಗೆ ಖ್ಯಾತವಾಗಿತ್ತು. ಉಣ್ಣೆಯ ಬೆಚ್ಚಗು, ಹತ್ತಿಯ ಹಗುರ ಎರಡೂ ಒಂದೇ ಶರ್ಟಿನಲ್ಲಿ. ಗಿರಣಿ ಈಗಿಲ್ಲ. ಆದರೆ ಆ ಲೆಕ್ಕಾಚಾರ ಇಂದಿಗೂ ಸರಿ.

ಒಂದರ ಮೇಲೊಂದು

ಈ ಋತುವಿನ ಮೊದಲ ಸೂತ್ರವೆಂದರೆ ಒಂದು ದಪ್ಪ ಬಟ್ಟೆಯ ಬದಲು ಎರಡು ತೆಳು ಬಟ್ಟೆ. ಒಳಗೆ ಹತ್ತಿಯ ಅಥವಾ ಲಿನನ್‌ನ ತುಂಬುತೋಳಿನ ಶರ್ಟು. ಸೆಕೆಯಾದರೆ ತೋಳು ಮಡಿಸಬಹುದು, ಚಳಿಯಾದರೆ ಇಳಿಸಬಹುದು. ಅರ್ಧತೋಳಿನ ಶರ್ಟಿಗೆ ಈ ಅನುಕೂಲವಿಲ್ಲ. ಅದರ ಮೇಲೆ ತೋಳಿಲ್ಲದ ತೆಳು ಸ್ವೆಟರ್, ಖಾದಿಯ ನೆಹರೂ ಜಾಕೆಟ್ ಅಥವಾ ಒಳಪದರವಿಲ್ಲದ ಹಗುರ ಕೋಟು. ಮಧ್ಯಾಹ್ನ ತೆಗೆದಿಟ್ಟರೆ ಕೆಳಗಿನ ಶರ್ಟು ತಾನಾಗಿಯೇ ಚೆನ್ನಾಗಿ ಕಾಣಬೇಕು. ಇಸ್ತ್ರಿ ಕಾಣದ ಶರ್ಟನ್ನು ಕೋಟಿನಡಿ ಮುಚ್ಚಿಡುವ ಜಾಣರಿಗೆ ಮಧ್ಯಾಹ್ನದ ಬಿಸಿಲೇ ಶತ್ರು.

ತೆಳು ಉಣ್ಣೆ ಎಂದರೆ ಮೂಗು ಮುರಿಯಬೇಕಾಗಿಲ್ಲ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸದು. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಬೆವರನ್ನು ಹೀರದು. ಹತ್ತಿ, ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಪ್ಯಾಂಟು ಹಳೆಯ ಫ್ಯಾಷನ್ ಎಂದು ಹುಡುಗರು ನಕ್ಕರೂ, ನೆಂದ ಒಂದೆರಡು ಗಂಟೆಯಲ್ಲಿ ಅದು ಒಣಗಿ ಗೆರೆ ಉಳಿಸಿಕೊಳ್ಳುತ್ತದೆ. ಈ ಕಾಲದಲ್ಲಿ ನಿಜವಾಗಿ ಕೈಕೊಡುವುದು ಜೀನ್ಸು. ದಪ್ಪ ಡೆನಿಮ್ ನೆಂದರೆ ಭಾರವಾಗುತ್ತದೆ, ಕಾಲಿಗೆ ಅಂಟುತ್ತದೆ. ಮೋಡ ಮುಸುಕಿದ ದಿನಗಳಲ್ಲಿ ಹಗ್ಗದ ಮೇಲೆ ಎರಡು ದಿನ ನೇತಾಡಿದರೂ ಸೊಂಟದ ಪಟ್ಟಿ ಹಸಿಯಾಗಿಯೇ ಇರುತ್ತದೆ.

ಬಣ್ಣದಲ್ಲೂ ಗುಟ್ಟಿದೆ. ತಿಳಿಬೂದು, ತಿಳಿನೀಲಿ, ಖಾಕಿ ಬಣ್ಣಗಳ ಮೇಲೆ ಒಂದು ಹನಿ ಬಿದ್ದರೂ ಕಲೆಯಂತೆ ಎದ್ದು ಕಾಣುತ್ತದೆ. ಕಡುನೀಲಿ, ಇದ್ದಿಲು ಬಣ್ಣ ಹನಿಯನ್ನು ನುಂಗಿಬಿಡುತ್ತವೆ. ಆದ್ದರಿಂದ ಸೊಂಟದ ಕೆಳಗೆ ಕಡು, ಮೇಲೆ ತಿಳಿ. ಬಿಳಿ ಶರ್ಟೇ ಬೇಕೆನ್ನುವವರು ಒಳಗೆ ತೂತಿಲ್ಲದ ಬನಿಯನ್ ತೊಡುವುದು ಕ್ಷೇಮ.

ಕಾಲಿನಿಂದ ಮೇಲಕ್ಕೆ

ಮಳೆಗಾಲದಲ್ಲಿ ಮನುಷ್ಯನ ಅಂತಸ್ತು ತಿಳಿಯುವುದು ಪಾದದಿಂದ. ಪ್ಯಾಂಟಿನ ಅಂಚು ಹಿಮ್ಮಡಿಯ ಕೆಳಗೆ ಇಳಿದಿದ್ದರೆ ರಸ್ತೆಯ ನೀರನ್ನೆಲ್ಲ ಅದೇ ಗುಡಿಸಿಕೊಂಡು ಬರುತ್ತದೆ. ದರ್ಜಿಗೆ ಹೇಳಿ ಅಂಚು ಷೂವನ್ನು ಮುಟ್ಟಿ ನಿಲ್ಲುವಂತೆ ಅರ್ಧ ಇಂಚು ಮೇಲಕ್ಕೆ ಹೊಲಿಸಿದರೆ ನೋಟಕ್ಕೂ ಚೆಂದ, ಬಾಳಿಕೆಗೂ ಒಳ್ಳೆಯದು. ಚರ್ಮದ ಅಟ್ಟೆಯ ಷೂ ನೀರು ಕುಡಿಯುತ್ತದೆ. ರಬ್ಬರ್ ಅಟ್ಟೆಯದೇ ವಾಸಿ. ವಾರಕ್ಕೊಮ್ಮೆ ಮೇಣದ ಪಾಲಿಷ್ ಹಚ್ಚಿದರೆ ಹನಿ ಜಾರಿಹೋಗುತ್ತದೆ. ನೆಂದ ಷೂವನ್ನು ಒಲೆಯ ಬಳಿಯೋ ಬಿಸಿಲಿಗೋ ಇಟ್ಟರೆ ಚರ್ಮ ಬಿರಿಯುತ್ತದೆ. ಒಳಗೆ ಹಳೆಯ ವೃತ್ತಪತ್ರಿಕೆ ತುರುಕಿ ಫ್ಯಾನಿನಡಿ ಬಿಡುವುದು ಸರಿಯಾದ ಕ್ರಮ. ಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲವಿದ್ದರೆ ಅದಕ್ಕಿಂತ ದೊಡ್ಡ ಐಷಾರಾಮವಿಲ್ಲ.

ಸ್ಕೂಟರ್, ಬೈಕಿನವರಿಗೆ ಕೊಡೆ ಆಗದು. ಪ್ಯಾಂಟು ಸಮೇತವಿರುವ ಎರಡು ತುಂಡಿನ ರೇನ್‌ಕೋಟೇ ಬೇಕು. ಅದನ್ನು ಮೊದಲ ಹನಿಗೇ ತೊಡಬೇಕು. ‘ಇನ್ನೇನು ಮನೆ ಬಂತು’ ಎಂದು ಅರ್ಧ ದಾರಿ ನೆಂದು, ಆಮೇಲೆ ತೊಟ್ಟರೆ ಒಳಗಿನ ಒದ್ದೆ ಒಳಗೇ ಉಳಿಯುತ್ತದೆ. ಮನೆಗೆ ಬಂದು ಅದನ್ನು ಹಸಿಯಾಗಿಯೇ ಮಡಿಸಿ ಡಿಕ್ಕಿಗೆ ತುರುಕಿದರೆ ಮಾರನೆಯ ದಿನದ ವಾಸನೆಯನ್ನು ಯಾವ ಸೆಂಟೂ ಗೆಲ್ಲದು. ನಡೆಯುವವರಿಗೆ ಉದ್ದನೆಯ ಕಪ್ಪು ಕೊಡೆ ಇಂದಿಗೂ ರಾಜ. ಮಡಿಸುವ ಕೊಡೆ ಚೀಲಕ್ಕೆ ಅನುಕೂಲ, ಚಿತ್ತೆಯ ಗಾಳಿಗೆ ಮಾತ್ರ ತಲೆಕೆಳಗು.

ಬೀರುವಿನೊಳಗಿನ ಶತ್ರು

ಹೊರಗಿನ ಮಳೆಗಿಂತ ಬೀರುವಿನೊಳಗಿನ ತೇವ ಹೆಚ್ಚು ಬಟ್ಟೆ ಕೆಡಿಸುತ್ತದೆ. ಕೋಟಿನ ಕಾಲರಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುವುದು ಈ ತಿಂಗಳುಗಳಲ್ಲೇ. ಬಿಸಿಲು ಬಿದ್ದ ಬೆಳಿಗ್ಗೆ ಬೀರುವಿನ ಬಾಗಿಲು ತೆರೆದಿಟ್ಟು, ಉಣ್ಣೆ ಬಟ್ಟೆಗಳಿಗೆ ಗಾಳಿ ತೋರಿಸಿ, ಒಣಗಿದ ಬೇವಿನ ಎಲೆ ಹಾಕಿಡುವ ಅಜ್ಜಿಯ ಕ್ರಮಕ್ಕೆ ಕಾಸು ಖರ್ಚಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯನ್ನು ಬಿಸಿಯಾರುವ ಮೊದಲೇ ಬೀರುವಿಗೆ ಸೇರಿಸಬಾರದು. ಅದರೊಳಗಿನ ತೇವವೂ ಜೊತೆಗೇ ಸೇರಿಬಿಡುತ್ತದೆ.

ಇಷ್ಟಕ್ಕೆ ಹೊಸ ಬಟ್ಟೆ ಕೊಳ್ಳಬೇಕೆಂದೇನೂ ಇಲ್ಲ. ಸಂದರ್ಶನದ ಹುಡುಗನಿಗೆ ಇರುವ ಒಂದೇ ಶರ್ಟು ಸಾಕು. ಅದನ್ನು ಮಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರಗಳ ಜೊತೆ ಇಟ್ಟುಕೊಂಡು, ಹಳೆಯ ಟೀ ಶರ್ಟಿನಲ್ಲಿ ಬಸ್ಸು ಹತ್ತಲಿ. ಅರ್ಧ ಗಂಟೆ ಮುಂಚೆ ತಲುಪಿ, ಮುಖ ತೊಳೆದು, ಶರ್ಟು ಬದಲಿಸಿ, ತಲೆ ಬಾಚಿಕೊಳ್ಳಲಿ. ದಾರಿಯಲ್ಲಿ ಎಂಥ ಮಳೆ ಬಂತು ಎಂಬುದು ಎದುರಿಗೆ ಕುಳಿತವರಿಗೆ ತಿಳಿಯಲೇಬಾರದು. ಅಂದವಾಗಿ ಉಡುವುದೆಂದರೆ ಈ ಋತುವಿನಲ್ಲಿ ಇಷ್ಟೇ: ಮುಂದಾಲೋಚನೆ.

ಇನ್ನು ಆ ಯಜಮಾನರು. ಮನೆ ಸೇರಿ, ತಲೆ ಒರೆಸಿಕೊಂಡು, ಬಿಸಿ ಕಾಫಿಯ ಲೋಟ ಕೈಗೆ ಬಂದಾಗ ಅಡುಗೆಮನೆಯ ಕಡೆಯಿಂದ ಒಂದು ಮಾತೂ ಬರಲಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ಮತ್ತೆ ಅದೇ ನೀಲಿ ಆಕಾಶ, ಅದೇ ಎಳೆಬಿಸಿಲು. ಷೂ ಪಕ್ಕದಲ್ಲಿ ಗೋಡೆಗೆ ಒರಗಿ ಕೊಡೆ ನಿಂತಿತ್ತು. ಈ ಸಲ ಅವರು ಆಕಾಶ ನೋಡಲಿಲ್ಲ. ಕೊಡೆ ತೆಗೆದುಕೊಂಡು ಹೊರಟರು.