ತಪ್ಪೆಂದರೆ ಸಾಲದು, ತಿದ್ದುವ ದಾರಿ ಹೇಳಬೇಕು

ಹಿಡುವಳಿದಾರ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡುವ ಪಿಎಂ ಕಿಸಾನ್ ಯೋಜನೆ 2019ರಲ್ಲಿ ಆರಂಭವಾಯಿತು. ಹೆಸರು ನೋಂದಾಯಿಸುವುದು ಕಂಪ್ಯೂಟರಿನ ಮೂಲಕ. ಆಧಾರಿನ 12 ಅಂಕೆಗಳಲ್ಲಿ ಒಂದು ಬಿಟ್ಟುಹೋಯಿತೆನ್ನಿ. ಯಂತ್ರವು ಬರಿದೆ "ಅಮಾನ್ಯ" ಎಂದರೆ, ರೈತನು ತನ್ನ ಹಕ್ಕೇ ಹೋಯಿತೆಂದು ಮನೆಗೆ ಮರಳಿಯಾನು. "11 ಅಂಕೆಗಳಿವೆ, 12 ಬೇಕು; ನೋಡಿ ಬರೆಯಿರಿ" ಎಂದರೆ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಗಡಿಯ ನಮ್ಮವರಿಗೆ ತೊಡಕು ಇನ್ನೂ ಹೆಚ್ಚು. ಜತ್ತ, ಅಕ್ಕಲಕೋಟೆಗಳಲ್ಲಿ ಸಾತಬಾರಾ ಉತಾರ ಮರಾಠಿಯಲ್ಲಿರುತ್ತದೆ. ಆಧಾರಿನಲ್ಲಿ ಅದೇ ಹೆಸರಿನ ಅಕ್ಷರ ಬೇರೆಯಾಗಿರಬಹುದು. ಆಗ "ದೋಷ" ಎಂಬ ಒಂದೇ ಮಾತಿನಿಂದ ಏನು ತಿಳಿದೀತು? ಯಾವ ಕಾಗದದಲ್ಲಿ ಹೆಸರು ಹೇಗಿದೆ, ಯಾವುದನ್ನು ಎಲ್ಲಿ ತಿದ್ದಿಸಬೇಕು ಎಂಬುದನ್ನು ತಿಳಿಸಬೇಕು.

ಇದು ಹೊಸ ಬೇಡಿಕೆಯಲ್ಲ. ಡೆನ್ಮಾರ್ಕಿನ ತಜ್ಞ ಜೇಕಬ್ ನೀಲ್ಸನ್ನರು 1994ರಲ್ಲಿ ಪ್ರಕಟಿಸಿದ ಹತ್ತು ಸೂತ್ರಗಳಲ್ಲಿ ಒಂಬತ್ತನೆಯದು ಇದೇ: ಸಂಕೇತಸಂಖ್ಯೆ ಬಿಟ್ಟು ಸರಳ ಮಾತಿನಲ್ಲಿ ಹೇಳಿರಿ, ತಪ್ಪನ್ನು ಖಚಿತವಾಗಿ ತೋರಿಸಿರಿ, ಪರಿಹಾರ ಸೂಚಿಸಿರಿ.

ತಂತ್ರಾಂಶ ಬರೆಯುವವರಲ್ಲಿ ನಾವು ಕೇಳುವುದೂ ಇಷ್ಟೇ. ರೈತ ಬಾಂಧವರಿಗೆ ಒಂದು ಮಾತು: ಯಂತ್ರದ ಭಾಷೆ ತಿಳಿಯದ್ದಕ್ಕೆ ನಾಚಬೇಡಿರಿ. ಪರದೆಯ ಮೇಲಿನ ಮಾತನ್ನು ಇದ್ದಂತೆಯೇ ಬರೆದು, ತಾರೀಖು ಹಾಕಿ, ಕೃಷಿ ಕಚೇರಿಗೆ ಒಯ್ದು ಅರ್ಥ ಕೇಳಿರಿ.